ಕ್ನಿಪ್‌ಹೌಸನ್: ಯಾವ ಪಟ್ಟಿಯಲ್ಲೂ ಹೆಸರಿಲ್ಲದೆ ಉಳಿದುಕೊಂಡ ಒಂದು ಜರ್ಮನ್ ಪಾಳೆಯಪಟ್ಟು

ಬಯಲುಸೀಮೆಯವ

ಚಿತ್ರದುರ್ಗದ ಕಡೆಯವನಾದ ನನಗೆ ಕೋಟೆ ಎಂದರೆ ಏಳು ಸುತ್ತಿರಬೇಕು, ಬಂಡೆಯ ಮೇಲಿರಬೇಕು. ಕಳೆದ ಭಾನುವಾರ ನೋಡಿ ಬಂದ ಕೋಟೆಗೆ ಬಂಡೆಯೂ ಇಲ್ಲ, ಸುತ್ತೂ ಇಲ್ಲ. ಉತ್ತರ ಜರ್ಮನಿಯ ವಿಲ್‌ಹೆಲ್ಮ್ಸ್‌ಹಾಫನ್ ನಗರದ ಅಂಚಿನಲ್ಲಿ, ಕಣ್ಣು ಹಾಯುವವರೆಗೂ ಚಪ್ಪಟೆಯಾದ ಹುಲ್ಲುಗಾವಲು. ನಡುವೆ ನೀರು ನಿಂತ ಕಂದಕ, ಅದರಾಚೆ ಇಟ್ಟಿಗೆಯ ಒಂದಿಷ್ಟು ಕಟ್ಟಡ. ಈ ಜೇಡಿನೆಲದಲ್ಲಿ ಕಲ್ಲು ಸಿಗುವುದಿಲ್ಲವಾದ್ದರಿಂದ ಎಲ್ಲವೂ ಇಟ್ಟಿಗೆ. ಮುಖ್ಯ ಕೋಟೆಮನೆ 1708ರಲ್ಲಿ ಸುಟ್ಟುಹೋಯಿತು, ಈಗ ಕಾಣುವುದು ಹೊರಾವರಣ ಮಾತ್ರ. ಗೋಡೆಗೆ ಒರಗಿಸಿದ ಸೈಕಲ್ ಗಾಳಿಗೆ ಎರಡು ಸಲ ಬಿತ್ತು. ಹಸುಗಳು ಗಾಳಿಗೆ ಬೆನ್ನು ಕೊಟ್ಟು ತಮ್ಮ ಪಾಡಿಗೆ ಮೇಯುತ್ತಿದ್ದವು.

ಇದರ ಹೆಸರು ಕ್ನಿಪ್‌ಹೌಸನ್. ಫೆಡರ್‌ವಾರ್ಡನ್, ಸೆಂಗ್‌ವಾರ್ಡನ್, ಆಕುಮ್ ಎಂಬ ಮೂರು ಚರ್ಚಿನೂರುಗಳು, ಸುಮಾರು 45 ಚದರ ಕಿಲೋಮೀಟರ್ ನೆಲ, ಮೂರು ಸಾವಿರದಷ್ಟು ಜನ. ಇಷ್ಟೇ ಇಟ್ಟುಕೊಂಡು ಇದು 1854ರವರೆಗೆ ಪ್ರತ್ಯೇಕ ರಾಜ್ಯವೆಂದು ಹೇಳಿಕೊಂಡಿತ್ತು! ನೆಪೋಲಿಯನ್ ಕಾಲದಲ್ಲಿ ಜರ್ಮನಿಯ ನೂರಾರು ಚಿಕ್ಕ ಸಂಸ್ಥಾನಗಳು, ಮಠದ ಸೀಮೆಗಳು, ಸ್ವತಂತ್ರ ನಗರಗಳು ದೊಡ್ಡವರ ಹೊಟ್ಟೆ ಸೇರಿದವು. 1815ರ ಜರ್ಮನ್ ಒಕ್ಕೂಟದಲ್ಲಿ ಉಳಿದದ್ದು ನಲವತ್ತಕ್ಕೂ ಕಡಿಮೆ. ಹಾಗಿದ್ದಾಗ ಈ ಗೇಣಗಲದ ಸೀಮೆ ಹೇಗೆ ಉಳಿಯಿತು ಎಂಬುದು ನನ್ನ ತಲೆಗೆ ಹೊಕ್ಕ ಪ್ರಶ್ನೆ. ನನಗೆ ಸಿಕ್ಕ ಉತ್ತರ ಹೀಗಿದೆ: ಅದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಜರ್ಮನ್ ಸೀಮೆಗಳೆಲ್ಲ ಸೇರಿದ್ದ ಹಳೆಯ ಪವಿತ್ರ ರೋಮನ್ ಸಾಮ್ರಾಜ್ಯದ ಮಹಾಸಭೆಯಲ್ಲಿ ಅದಕ್ಕೆ ಪೀಠವಿರಲಿಲ್ಲ, ಯಾವ ಪ್ರಾಂತ ಮಂಡಲಕ್ಕೂ ಅದು ಸೇರಿರಲಿಲ್ಲ. ಪಟ್ಟಿಯಲ್ಲೇ ಇಲ್ಲದವನ ಹೆಸರನ್ನು ಹೊಡೆದುಹಾಕುವುದು ಹೇಗೆ?

ಕಥೆ ಉದ್ದವಾಗಿದೆ. ಯಾರಿಗಾದರೂ ಆಸಕ್ತಿಯಿದ್ದರೆ ಮುಂದುವರಿಸುತ್ತೇನೆ.

ಸುಮ್ಮನೆ ಓದುವವಳು

ಮುಂದುವರಿಸಿ. ಮೊದಲ ಅಕ್ಷರದ ‘ಕ’ ನಿಜವಾಗಿಯೂ ಕೇಳಿಸುತ್ತದೆಯೇ?

ಬಯಲುಸೀಮೆಯವ

ಕೇಳಿಸುತ್ತದೆ ಮೇಡಂ. ನಾನು ಮೊದಲು ನುಂಗಿಕೊಂಡು ‘ನಿಪ್‌ಹೌಸನ್’ ಎಂದಾಗ ದಾರಿ ಹೇಳುತ್ತಿದ್ದ ಅಜ್ಜಿ ಎರಡು ಸಲ ತಿದ್ದಿದರು.

ಸರಿ, ಮೊದಲಿನಿಂದ ಹೇಳುತ್ತೇನೆ. ಫ್ರೀಸ್‌ಲ್ಯಾಂಡ್ ಎಂಬ ಈ ಕರಾವಳಿಯಲ್ಲಿ ಮಧ್ಯಯುಗದಲ್ಲಿ ರಾಜರೂ ಇರಲಿಲ್ಲ, ಕೌಂಟ್‌ಗಳೂ ಇರಲಿಲ್ಲ. ಊರೂರಿಗೆ ಒಬ್ಬ ಮುಖಂಡ, ಅವನಿಗೊಂದು ಇಟ್ಟಿಗೆ ಕೋಟೆ, ನೆರೆಯವನೊಂದಿಗೆ ಜಗಳ. ಅಂಥ ಒಬ್ಬ ಮುಖಂಡ ಲ್ಯುಬ್ಬೆ ಓನ್ನೆಕನ್ 1438ರಲ್ಲಿ ಕ್ನಿಪ್‌ಹೌಸನ್ ಕೋಟೆ ಕಟ್ಟಿಸಿದ. ಅವನ ನಂತರ ಅದು ಇನ್‌ಹೌಸನ್ ಮನೆತನಕ್ಕೆ ಬಂತು. ನೆರೆಯ ಯೇಫರ್ ಸೀಮೆಯವರಿಗೆ ಇದು ಕಣ್ಣುರಿ. ಯೇಫರ್‌ನ ಒಡತಿ ಮರಿಯಾ, ಮದುವೆಯಾಗದೆ ಸೀಮೆಯನ್ನು ಆಳಿದ ಗಟ್ಟಿಗಿತ್ತಿ, ಕ್ನಿಪ್‌ಹೌಸನ್ ತನಗೆ ಸೇರಬೇಕೆಂದು ಸಾಮ್ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದಳು. ದಾವೆ ಮುಗಿಯುವ ಮೊದಲೇ, 1575ರಲ್ಲಿ, ತೀರಿಕೊಂಡಳು. ಯೇಫರ್ ಜೊತೆಗೆ ಆ ಖಟ್ಲೆಯೂ ನೆರೆಯ ಓಲ್ಡನ್‌ಬುರ್ಗ್ ಸೀಮೆಯ ಕೌಂಟ್‌ಗೆ ಉಯಿಲಿನಲ್ಲಿ ಹೋಯಿತು. ತೀರ್ಪು ಬಂದದ್ದು 1592ರಲ್ಲಿ. ಕೋಟೆ ಕೈಗೆ ಬಂದದ್ದು 1624ರಲ್ಲಿ.

ಕರಿಕೋಟು

ಮೂವತ್ತೆರಡು ವರ್ಷ! ಧಾರವಾಡದಲ್ಲಿ ವಕೀಲಿ ಮಾಡುವವನಾಗಿ ಹೇಳುತ್ತೇನೆ, ಡಿಕ್ರಿ ಪಡೆಯುವುದು ಅರ್ಧ ಕೆಲಸ, ಜಾರಿ ಮಾಡಿಸುವುದು ಇನ್ನರ್ಧ. ಆ ನ್ಯಾಯಾಲಯ ಆಗ ಸ್ಪೈಯರ್ ನಗರದಲ್ಲಿತ್ತು. ಒಂದು ವ್ಯಾಜ್ಯ ಮೂರು ತಲೆಮಾರು ನಡೆಯುವುದಕ್ಕೆ ಅದು ಹೆಸರುವಾಸಿ. ಸೋತ ಇನ್‌ಹೌಸನ್ ಮನೆತನ ಏನಾಯಿತು?

ಬಯಲುಸೀಮೆಯವ

ಅವರೇನೂ ಬೀದಿಗೆ ಬೀಳಲಿಲ್ಲ ಸರ್. ಪಶ್ಚಿಮಕ್ಕೆ, ಪೂರ್ವ ಫ್ರೀಸ್‌ಲ್ಯಾಂಡಿನ ಲ್ಯುಟೆಟ್ಸ್‌ಬುರ್ಗ್‌ನಲ್ಲಿ ಅವರ ಎಸ್ಟೇಟ್ ಇಂದಿಗೂ ಇದೆ. ಕೋಟೆ ಹೋದರೂ ಹೆಸರಿನಲ್ಲಿ ‘ಕ್ನಿಪ್‌ಹೌಸನ್’ ಉಳಿಸಿಕೊಂಡರು. ಅವರಲ್ಲೊಬ್ಬ, ಡೋಡೋ, ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ ಪರ ಫೀಲ್ಡ್ ಮಾರ್ಷಲ್ ಆಗಿ 1636ರಲ್ಲಿ ರಣರಂಗದಲ್ಲಿ ಸತ್ತ.

ಈ ಮನೆತನದ ಗುರುತು ಕೋಟೆಯಲ್ಲಿ ಏನೂ ಉಳಿದಿಲ್ಲ. ಆದರೆ ಆಕುಮ್ ಚರ್ಚಿಗೆ ಹೋದರೆ ಟೀಡೋ ಮತ್ತು ಅವನ ಹೆಂಡತಿ ಈಫಾ ಅವರ ಸಮಾಧಿ ಇದೆ. ಗಂಡ ಹೆಂಡತಿ ಕಲ್ಲಿನಲ್ಲಿ ಅಕ್ಕಪಕ್ಕ ಮಲಗಿದ್ದಾರೆ. ಕಲ್ಲೇ ಸಿಗದ ಊರಿನಲ್ಲಿ ಕಲ್ಲಿನ ಸಮಾಧಿ ಎಂದರೆ ಅದಕ್ಕೆ ಸುರಿದ ದುಡ್ಡಿನ ಲೆಕ್ಕ ನೀವೇ ಹಾಕಿ.

ತುಂಗಾತೀರ

ನಿವೃತ್ತ ಇತಿಹಾಸ ಅಧ್ಯಾಪಕನ ಒಂದು ತಕರಾರು. ಶೀರ್ಷಿಕೆಯಲ್ಲಿ ‘ಪಾಳೆಯಪಟ್ಟು’ ಎಂದಿದ್ದೀರಿ. ಪಾಳೆಯಗಾರನೆಂದರೆ ಮೇಲಿನ ಅರಸನಿಗೆ ದಂಡು ಒದಗಿಸುವವನು, ಕಪ್ಪ ಕೊಡುವವನು. ‘ಜಹಗೀರು’ ಎಂದರೆ ಮೇಲಿನವನು ಕೊಟ್ಟ ಭೂಮಿ. ನಿಮ್ಮ ಕ್ನಿಪ್‌ಹೌಸನ್ ಇವೆರಡರಲ್ಲಿ ಯಾವುದೂ ಅಲ್ಲ. ‘ಸಂಸ್ಥಾನ’ ಎಂದರೆ ತೀರಾ ದೊಡ್ಡದಾಗುತ್ತದೆ. ಜರ್ಮನ್ನರು ಬಳಸುವ ಪದಕ್ಕೆ ‘ಒಡೆತನ’ ಎಂಬುದೇ ಹತ್ತಿರದ್ದು. ನೆಲದ ಒಡೆತನ, ನ್ಯಾಯ ಹೇಳುವ ಹಕ್ಕು, ಪಾದ್ರಿಯನ್ನು ನೇಮಿಸುವ ಹಕ್ಕು, ಇವೆಲ್ಲ ಒಂದೇ ಗಂಟಿನಲ್ಲಿ. ಹಳ್ಳಿಯವನ ಕಣ್ಣಿಗೆ ಜಮೀನಿನ ಧಣಿಯೂ ಅವನೇ, ಸರಕಾರವೂ ಅವನೇ.

ಬಯಲುಸೀಮೆಯವ

ಒಪ್ಪಿದೆ ಮೇಷ್ಟ್ರೇ. ಶೀರ್ಷಿಕೆ ಬದಲಿಸಲು ಈಗ ಆಗುವುದಿಲ್ಲ, ಇಲ್ಲಿಂದ ‘ಒಡೆತನ’ ಎಂದೇ ಬರೆಯುತ್ತೇನೆ.

ಕೋಟೆ ಗೆದ್ದ ಓಲ್ಡನ್‌ಬುರ್ಗ್‌ನ ಕೌಂಟ್ ಆಂಟನ್ ಗ್ಯುಂಟರ್ ಮಹಾ ಜಾಣ. ಮೂವತ್ತು ವರ್ಷಗಳ ಯುದ್ಧದಲ್ಲಿ ಸುತ್ತಲಿನ ಸೀಮೆಗಳು ಉರಿದುಹೋದಾಗ, ತಾನು ಸಾಕಿದ ಉತ್ತಮ ಕುದುರೆಗಳನ್ನು ದಂಡನಾಯಕ ಟಿಲ್ಲಿಗೆ ಕಾಣಿಕೆ ಕೊಟ್ಟು ಊರನ್ನು ಉಳಿಸಿಕೊಂಡ. ಆದರೆ ಮನೆಯೊಳಗೆ ಒಂದು ಕೊರತೆ ಇತ್ತು. ಎಲಿಜಬೆತ್ ಫಾನ್ ಉಂಗ್ನಾಡ್ ಎಂಬ ಕುಲೀನ ಹೆಣ್ಣಿಗೆ ಮದುವೆಯ ಮಾತು ಕೊಟ್ಟು, ಕೊನೆಗೆ ಬೇರೆ ರಾಜಮನೆತನದವಳನ್ನು ಮದುವೆಯಾದ. ಕೈಹಿಡಿದವಳಿಗೆ ಮಕ್ಕಳಾಗಲಿಲ್ಲ. ಎಲಿಜಬೆತ್‌ಗೆ 1633ರಲ್ಲಿ ಹುಟ್ಟಿದ ಮಗ ಆಂಟನ್ ಇದ್ದ. ಅನೌರಸನಾದ್ದರಿಂದ ಅವನಿಗೆ ಓಲ್ಡನ್‌ಬುರ್ಗ್ ಸಿಗುವಂತಿರಲಿಲ್ಲ. ಅದು ಡೆನ್ಮಾರ್ಕ್‌ನ ದೊರೆಗೂ ಗೊಟ್ಟೊರ್ಪ್ ಡ್ಯೂಕ್‌ಗೂ ಹೋಗಬೇಕಿತ್ತು. ತಂದೆ ಚಕ್ರವರ್ತಿಯಿಂದ ಮಗನಿಗೆ ‘ಆಲ್ಡನ್‌ಬುರ್ಗ್ ಕೌಂಟ್’ ಎಂಬ ಹೊಸ ಬಿರುದು ಕೊಡಿಸಿದ, ದಾವೆಯಲ್ಲಿ ಗೆದ್ದಿದ್ದ ಕ್ನಿಪ್‌ಹೌಸನ್, ಅದರ ಜೊತೆಗೆ ಫಾರೆಲ್, ಈ ಎರಡು ಒಡೆತನಗಳನ್ನು ಅವನ ಹೆಸರಿಗೆ ಬರೆದ. ಮಾರುವಂತಿಲ್ಲ, ಹಂಚುವಂತಿಲ್ಲ, ವಂಶದಲ್ಲೇ ಉಳಿಯಬೇಕು ಎಂಬ ಕಟ್ಟಳೆಯೂ ಆ ಆಸ್ತಿಗೆ ಅಂಟಿಕೊಂಡಿತು. 1667ರಲ್ಲಿ ಮುದುಕ ಕೌಂಟ್ ಕಣ್ಣು ಮುಚ್ಚಿದ.

ಈ ಎರಡು ಆಸ್ತಿಗಳ ನಡುವಿನ ವ್ಯತ್ಯಾಸವನ್ನು ನೆನಪಿಡಿ. ಫಾರೆಲ್ ದೊಡ್ಡದು, ಆದಾಯ ಹೆಚ್ಚು, ಅರಮನೆಯೂ ಅಲ್ಲೇ. ಆದರೆ ಅದು ಓಲ್ಡನ್‌ಬುರ್ಗ್‌ನ ಅಧೀನ. ಕ್ನಿಪ್‌ಹೌಸನ್ ಚಿಕ್ಕದು, ಸುಟ್ಟ ಕೋಟೆಯದು. ಆದರೆ ಅದರ ಮೇಲೆ ಚಕ್ರವರ್ತಿಯ ಹೊರತು ಯಾರೂ ಇಲ್ಲ. ಮನೆತನ ಉಂಡದ್ದು ಫಾರೆಲ್‌ನಲ್ಲಿ, ಮೀಸೆ ತಿರುವಿದ್ದು ಕ್ನಿಪ್‌ಹೌಸನ್‌ನಿಂದ.

ಗದ್ದೆಬದು

ಎಲ್ಲ ಸರಿ. ಕೌಂಟ್‌ಗಳ ಮದುವೆ, ಮಕ್ಕಳು, ಉಯಿಲು ಆಯಿತು. ಆ ಮೂರು ಸಾವಿರ ಜನ ಏನು ಬೆಳೆಯುತ್ತಿದ್ದರು? ಕಂದಾಯ ಎಷ್ಟು? ಸಮುದ್ರ ಪಕ್ಕದಲ್ಲೇ ಇದ್ದರೆ ಉಪ್ಪುನೀರು ಗದ್ದೆಗೆ ನುಗ್ಗುವುದಿಲ್ಲವೇ? ನಮ್ಮ ಕುಮಟಾ ಕಡೆ ಗಜನಿ ಗದ್ದೆಯ ಕಟ್ಟೆ ಒಡೆದರೆ ಆ ವರ್ಷದ ಗತಿ ಏನೆಂದು ನನಗೆ ಗೊತ್ತು.

ಬಯಲುಸೀಮೆಯವ

ನೀವು ಕೇಳಿದ್ದೇ ಇಲ್ಲಿಯ ಬದುಕಿನ ತಿರುಳು. ಕಂದಾಯದ ಅಂಕಿ ನನ್ನ ಬಳಿ ಇಲ್ಲ, ಮಣ್ಣಿನ ಮಾತು ಹೇಳುತ್ತೇನೆ. ಸಮುದ್ರ ತಂದು ಹಾಕಿದ ಜೇಡಿಮಣ್ಣು, ಒಣಗಿದರೆ ಗಟ್ಟಿ, ನೆನೆದರೆ ಅಂಟು, ಆದರೆ ಫಲವತ್ತು. ದನ, ಬೆಣ್ಣೆ, ಕಾಳು ಇವೇ ಸಂಪತ್ತು. ಇಡೀ ಸೀಮೆ ನಿಂತಿರುವುದು ಏರಿಯ ಮೇಲೆ. ನಮ್ಮ ಕೆರೆ ಏರಿ ನೀರನ್ನು ಒಳಗೆ ಹಿಡಿದಿಡುತ್ತದೆ, ಇವರದು ಹೊರಗೆ ತಡೆಯುತ್ತದೆ. ಏರಿಯಲ್ಲಿ ತೂಬು ಇರುತ್ತದೆ. ಇಳಿತದ ಹೊತ್ತಿಗೆ ಬಾಗಿಲು ತಾನೇ ತೆರೆದು ಒಳಗಿನ ಮಳೆನೀರು ಸಮುದ್ರಕ್ಕೆ ಹೋಗುತ್ತದೆ, ಭರತದಲ್ಲಿ ಸಮುದ್ರವೇ ಒತ್ತಿ ಬಾಗಿಲು ಮುಚ್ಚುತ್ತದೆ. ತೂಬಿನ ಹೊರಬಾಯಿಯೇ ಚಿಕ್ಕ ದೋಣಿಗಳಿಗೆ ಬಂದರು.

ಏರಿಯನ್ನು ಕಟ್ಟಿದ್ದು ಕೌಂಟ್ ಅಲ್ಲ, ಜಮೀನುದಾರ ರೈತರು. ಪ್ರತಿಯೊಬ್ಬನಿಗೂ ಇಷ್ಟು ಮಾರು ಉದ್ದದ ಏರಿ ಎಂದು ಪಾಲು. ದುರಸ್ತಿ ಮಾಡಲು ಕೈಲಾಗದವನು ತನ್ನ ಪಾಲಿನ ಏರಿಗೆ ಸನಿಕೆ ಚುಚ್ಚಿ ಊರು ಬಿಡಬೇಕು. ಆ ಸನಿಕೆಯನ್ನು ಕಿತ್ತವನಿಗೆ ಅವನ ಜಮೀನೂ ಸೇರಿತು, ಏರಿಯ ಹೊರೆಯೂ ಸೇರಿತು. 1717ರ ಕ್ರಿಸ್‌ಮಸ್ ರಾತ್ರಿ ಇಡೀ ಕರಾವಳಿಯಲ್ಲಿ ಏರಿಗಳು ಒಡೆದು ಸಾವಿರಾರು ಜನ ಸತ್ತರು. ಅಂಥ ರಾತ್ರಿಯ ಮರುದಿನ ಒಡೆಯನ ಬಿರುದು ಎಷ್ಟು ಉದ್ದ ಎಂದು ಯಾರು ಕೇಳುತ್ತಾರೆ?

ಗದ್ದೆಬದು

ಸನಿಕೆಯ ಮಾತು ಮನಸ್ಸಿಗೆ ನಾಟಿತು. ಮುಂದೆ ಹೇಳಿ.

ಕೊಡಗಿನ ಕಾಫಿ

ತಡವಾಗಿ ಬಂದೆ. ಈ ಕ್ನಿಪ್‌ಹೌಸನ್ ಬೆಂಟಿಂಕ್ ಮನೆತನದ್ದಲ್ಲವೇ? 1834ರಲ್ಲಿ ನಮ್ಮ ಚಿಕ್ಕ ವೀರರಾಜೇಂದ್ರನಿಂದ ಕೊಡಗನ್ನು ಕಿತ್ತುಕೊಂಡ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಇದೇ ಮನೆಯವನೇ? ಕ್ನಿಪ್‌ಹೌಸನ್ ಒಡೆಯನ ಮೊಮ್ಮಗ ಎಂದು ಎಲ್ಲೋ ಓದಿದ ನೆನಪು.

ತುಂಗಾತೀರ

ಮೊಮ್ಮಗನಲ್ಲ, ದೂರದ ದಾಯಾದಿ. ಮೂಲಪುರುಷ ಹಾನ್ಸ್ ವಿಲ್ಲೆಮ್ ಬೆಂಟಿಂಕ್, ಡಚ್ಚರವನು. ಇಂಗ್ಲೆಂಡಿನ ಸಿಂಹಾಸನವೇರಿದ ಮೂರನೆಯ ವಿಲಿಯಂನ ಆಪ್ತ, ಪೋರ್ಟ್‌ಲೆಂಡ್‌ನ ಮೊದಲ ಅರ್ಲ್. ಅವನ ಮೊದಲ ಹೆಂಡತಿಯ ಮಗ ಹೆನ್ರಿಯಿಂದ ಇಂಗ್ಲಿಷ್ ಡ್ಯೂಕ್‌ಗಳ ಶಾಖೆ. ನಮ್ಮ ಗವರ್ನರ್ ಜನರಲ್ ಆ ಹೆನ್ರಿಯ ಮರಿಮಗ. ಎರಡನೆಯ ಹೆಂಡತಿಯ ಮಗ ವಿಲ್ಲೆಮ್, 1704ರಲ್ಲಿ ಹುಟ್ಟಿದವನು, 1733ರಲ್ಲಿ ಆಲ್ಡನ್‌ಬುರ್ಗ್ ಮನೆಯ ಒಬ್ಬಳೇ ವಾರಸುದಾರ್ತಿಯನ್ನು ಮದುವೆಯಾದ. ಕ್ನಿಪ್‌ಹೌಸನ್ ಬೆಂಟಿಂಕರಿಗೆ ಬಂದದ್ದು ಹಾಗೆ, ವರದಕ್ಷಿಣೆಯ ಹಾದಿಯಲ್ಲಿ.

ಕೊಡಗು ಒಂದೇ ಅಲ್ಲ. ನಗರ ಸೀಮೆಯ ರೈತರ ದಂಗೆಯ ನಂತರ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡವನೂ ಇದೇ ಬೆಂಟಿಂಕ್. ಅದು ಮತ್ತೆ ಒಡೆಯರ ಮನೆಗೆ ಬಂದದ್ದು 1881ರಲ್ಲಿ.

ಸುಮ್ಮನೆ ಓದುವವಳು

ಆ ವಾರಸುದಾರ್ತಿಯ ಹೆಸರೇನು? ಎಲ್ಲರೂ ಅವಳನ್ನು ದಾಟಿ ಹೋಗುತ್ತಿದ್ದೀರಿ.

ಬಯಲುಸೀಮೆಯವ

ಶಾರ್ಲಟ್ ಸೋಫಿ. ಹುಟ್ಟಿದ್ದು 1715, ಸತ್ತದ್ದು 1800ರಲ್ಲಿ, ಹ್ಯಾಂಬರ್ಗ್‌ನಲ್ಲಿ. ಮನಸ್ಸು ಇದ್ದದ್ದು ಶೌಂಬುರ್ಗ್-ಲಿಪ್ಪೆಯ ಕೌಂಟ್ ಮೇಲೆ, ಕೊಟ್ಟದ್ದು ಬೆಂಟಿಂಕ್‌ಗೆ. ಇಬ್ಬರು ಗಂಡುಮಕ್ಕಳಾದ ಮೇಲೆ 1740ರಲ್ಲಿ ಗಂಡನನ್ನು ಬಿಟ್ಟು ಹೊರಟೇಬಿಟ್ಟಳು. ಆಸ್ತಿಯ ಮೇಲೆ ಸಾಲದ ಹೊರೆ, ಗಂಡನೊಂದಿಗೆ ಖಟ್ಲೆ, ಅತ್ತ ಡೆನ್ಮಾರ್ಕ್ ದೊರೆಯ ಒತ್ತಡ. ಬರ್ಲಿನ್‌ನ ಫ್ರೆಡರಿಕ್ ದೊರೆಯ ಆಸ್ಥಾನ, ವಿಯೆನ್ನಾ ಎಂದು ಅಲೆದಳು. ವೋಲ್ಟೇರ್‌ಗೂ ಅವಳಿಗೂ ನಡೆದ ಪತ್ರವ್ಯವಹಾರ ಉಳಿದಿದೆ. ಕೊನೆಗೆ ಎಸ್ಟೇಟುಗಳು ಮಕ್ಕಳ ಪಾಲಾದವು.

ಒಂದು ನೋಟ ಮಾತ್ರ ಹೇಳುತ್ತೇನೆ. ನೆರೆಯ ಯೇಫರ್ ಆಗ ಆನ್ಹಾಲ್ಟ್-ಜೆರ್ಬ್‌ಸ್ಟ್ ಮನೆತನದ್ದು. ಆ ಮನೆಯ ಒಬ್ಬ ಹುಡುಗಿ ತಾಯಿಯ ಜೊತೆ ಫಾರೆಲ್‌ಗೆ ಬಂದಾಗ ಈ ಕೌಂಟೆಸ್‌ಳನ್ನು ಕಂಡಳು. ಕುದುರೆ ಸವಾರಿ ಮಾಡುವ, ಮನಸ್ಸಿಗೆ ಬಂದಾಗ ಕುಣಿಯುವ ಹೆಂಗಸು. ಹುಡುಗಿ ಮರುಳಾದಳು, ತಾಯಿಗೆ ಸಿಟ್ಟು ಬಂತು. ಆ ಹುಡುಗಿ ಮುಂದೆ ರಷ್ಯದ ಸಾಮ್ರಾಜ್ಞಿ ಕ್ಯಾಥರೀನ್ ಆದಾಗಲೂ ಮರೆಯಲಿಲ್ಲ, ತನ್ನ ನೆನಪುಗಳಲ್ಲಿ ಬರೆದಳು. 1793ರಲ್ಲಿ ಅವಳ ತಮ್ಮ ಮಕ್ಕಳಿಲ್ಲದೆ ತೀರಿಕೊಂಡು ಯೇಫರ್ ಅವಳಿಗೇ ಬಂತು. ಹೀಗಾಗಿ ಕ್ನಿಪ್‌ಹೌಸನ್‌ಗೆ ರಷ್ಯ ಬೇಲಿಯಾಚೆಯ ನೆರೆಮನೆಯಾಯಿತು. ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಕರಿಕೋಟು

ಬಾವುಟದ ಕಥೆ ಯಾವಾಗ? ಅದಕ್ಕೇ ಕಾದಿದ್ದೇನೆ.

ಬಯಲುಸೀಮೆಯವ

ಬಂತು. 1803ರಲ್ಲಿ ಇಂಗ್ಲೆಂಡ್-ಫ್ರಾನ್ಸ್ ಯುದ್ಧ ಮತ್ತೆ ಹೊತ್ತಿಕೊಂಡಿತು. ಇಂಗ್ಲಿಷ್ ನೌಕೆಗಳು ಎಲ್ಬೆ, ವೆಸರ್ ನದಿಗಳ ಬಾಯಿಗೆ ದಿಗ್ಬಂಧನ ಹಾಕಿದವು. 1806ರಲ್ಲಿ ಪ್ರಷ್ಯ, ಇಂಗ್ಲೆಂಡಿನ ದೊರೆಗೇ ಸೇರಿದ್ದ ಹ್ಯಾನೋವರನ್ನು ವಶಪಡಿಸಿಕೊಂಡಾಗ ಪ್ರಷ್ಯದ ಬಾವುಟ ಹಾರಿಸುವ ಹಡಗುಗಳಿಗೂ ಗಂಡಾಂತರ. ಹಡಗಿನ ಮಾಲೀಕರಿಗೆ ಬೇಕಿದ್ದದ್ದು ಯಾರ ತಂಟೆಗೂ ಹೋಗದ ಒಂದು ದೇಶದ ಬಾವುಟ. ಆಗ ಆಳುತ್ತಿದ್ದವನು ಶಾರ್ಲಟ್ ಸೋಫಿಯ ಮೊಮ್ಮಗ ವಿಲ್‌ಹೆಲ್ಮ್ ಗುಸ್ತಾವ್ ಫ್ರೀಡ್ರಿಕ್ ಬೆಂಟಿಂಕ್. ತನ್ನ ಒಡೆತನ ತಟಸ್ಥ ಎಂದು ಸಾರಿ, ಶುಲ್ಕ ಪಡೆದು ಕ್ನಿಪ್‌ಹೌಸನ್‌ನ ಬಾವುಟವನ್ನೂ ಹಡಗಿನ ಕಾಗದಗಳನ್ನೂ ಕೊಡತೊಡಗಿದ. ತೂಬಿನ ಬಾಯಿಯಲ್ಲಿ ನಾಲ್ಕು ದೋಣಿ ನಿಲ್ಲುವ ಸೀಮೆಯ ಹೆಸರಿನಲ್ಲಿ ಸಾಗರದ ಮೇಲೆ ಸರಕಿನ ಹಡಗುಗಳು ಓಡಾಡಿದವು!

ತುಂಗಾತೀರ

ಇದನ್ನು ನೀವು ಚಾತುರ್ಯವೆಂದು ಹೊಗಳುತ್ತಿರುವಂತಿದೆ. ನನಗೆ ಇದು ಠಸ್ಸೆ ಕಾಗದದ ವ್ಯಾಪಾರ. ತನ್ನದಲ್ಲದ ಹಡಗಿಗೆ ತನ್ನೂರಿನದೆಂದು ಪತ್ರ ಬರೆದುಕೊಡುವವನನ್ನು ತಾಲ್ಲೂಕು ಕಚೇರಿಯ ಮುಂದೆ ಏನೆಂದು ಕರೆಯುತ್ತಾರೆ?

ಕರಿಕೋಟು

ಮೇಷ್ಟ್ರೇ, ಇಂದಿಗೂ ಜಗತ್ತಿನ ದೊಡ್ಡ ಹಡಗುಗಳಲ್ಲಿ ಎಷ್ಟೋ ಪನಾಮಾ, ಲೈಬೀರಿಯಾ ಬಾವುಟದಲ್ಲಿ ಓಡುತ್ತವೆ. ಮಾಲೀಕ ಎಲ್ಲಿಯವನೋ, ನಾವಿಕ ಎಲ್ಲಿಯವನೋ. ನಿಮ್ಮ ಬೆಂಟಿಂಕ್ ಇನ್ನೂರು ವರ್ಷ ಮೊದಲೇ ಅಂಗಡಿ ತೆರೆದ, ಅಷ್ಟೇ. ಪತ್ರ ಕೊಡುವ ಅಧಿಕಾರ ಅವನಿಗಿತ್ತೇ ಎಂಬುದಷ್ಟೇ ಕಾನೂನಿನ ಪ್ರಶ್ನೆ. ಮೇಲೆ ಯಾರೂ ಇಲ್ಲವೆಂದಾದರೆ ಇತ್ತು.

ತುಂಗಾತೀರ

ಅಧಿಕಾರವಿತ್ತು, ಲಜ್ಜೆ ಇರಲಿಲ್ಲ. ಅಲ್ಲಿಗೆ ನಿಲ್ಲಿಸುತ್ತೇನೆ.

ಬಯಲುಸೀಮೆಯವ

ನೆಪೋಲಿಯನ್ನನೂ ಮೇಷ್ಟ್ರ ಪಕ್ಷವೇ. ಅಂಗಡಿ ಬಹಳ ದಿನ ನಡೆಯಲಿಲ್ಲ. 1807ರಲ್ಲಿ ಯೇಫರ್ ಜೊತೆಗೆ ಕ್ನಿಪ್‌ಹೌಸನ್ ಕೂಡ ಹಾಲೆಂಡ್ ರಾಜ್ಯದ ಪಾಲಾಯಿತು, 1810ರಲ್ಲಿ ಫ್ರಾನ್ಸ್‌ನದೇ ಆಯಿತು. 1813ರಲ್ಲಿ ಫ್ರೆಂಚರು ಸೋಲುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಬೆಂಟಿಂಕ್ ಆತುರಪಟ್ಟು ಮತ್ತೆ ತಾನೇ ಒಡೆಯನೆಂದು ಎದ್ದು ನಿಂತ. ಫ್ರೆಂಚರು ಇನ್ನೂ ಹೋಗಿರಲಿಲ್ಲ. ಹಿಡಿದು ಒಳಗೆ ಹಾಕಿದರು.

ಅವರು ನಿಜವಾಗಿಯೂ ಹೋದ ಮೇಲೆ ರಷ್ಯದ ಪಡೆ ಬಂದು ಯೇಫರ್ ಜೊತೆ ಕ್ನಿಪ್‌ಹೌಸನ್ನನ್ನೂ ಹಿಡಿಯಿತು. ನಂತರ ಅದರ ಆಡಳಿತ ಓಲ್ಡನ್‌ಬುರ್ಗ್ ಕೈಸೇರಿತು. ವಿಯೆನ್ನಾದಲ್ಲಿ 1815ರಲ್ಲಿ ಯೂರೋಪಿನ ನಕ್ಷೆ ಬರೆದವರು ಕ್ನಿಪ್‌ಹೌಸನ್ ಹೆಸರನ್ನು ಒಕ್ಕೂಟದ ಸದಸ್ಯರಲ್ಲೂ ಬರೆಯಲಿಲ್ಲ, ವಿಲೀನಗೊಂಡವರಲ್ಲೂ ಬರೆಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿದ್ದರು. ಬೆಂಟಿಂಕ್ ಹತ್ತು ವರ್ಷ ಅರ್ಜಿ ಹಾಕಿದ. ‘ನನ್ನನ್ನು ಯಾರೂ ತೆಗೆದುಹಾಕಿಲ್ಲವಾದ್ದರಿಂದ ನಾನು ಇದ್ದೇನೆ’ ಎಂಬುದೇ ಅವನ ವಾದದ ಸಾರ. ರಷ್ಯ, ಆಸ್ಟ್ರಿಯ, ಪ್ರಷ್ಯ ನಡುವೆ ನಿಂತು 1825ರ ಜೂನ್ 8ರಂದು ಬರ್ಲಿನ್‌ನಲ್ಲಿ ಒಪ್ಪಂದ ಮಾಡಿಸಿದವು. 1826ರಲ್ಲಿ ಒಡೆತನ ಅವನಿಗೆ ಮರಳಿತು. ಮೂರು ಮಹಾರಾಜ್ಯಗಳು ಕುಳಿತು ಮೂರು ಹಳ್ಳಿಗಳ ಪಂಚಾಯಿತಿ ಮಾಡಿದ ದೃಶ್ಯವನ್ನು ಊಹಿಸಿಕೊಳ್ಳಿ.

ಕೊಡಗಿನ ಕಾಫಿ

ಒಬ್ಬ ಬೆಂಟಿಂಕ್‌ಗೆ ಮೂರು ಹಳ್ಳಿ ವಾಪಸು ಸಿಕ್ಕಿ ಐದು ವರ್ಷಕ್ಕೆ ಇನ್ನೊಬ್ಬ ಬೆಂಟಿಂಕ್ ಮೈಸೂರನ್ನು ತೆಗೆದುಕೊಂಡ, ಎಂಟು ವರ್ಷಕ್ಕೆ ಕೊಡಗನ್ನು. ನಮ್ಮ ವೀರರಾಜನೂ ಲಂಡನ್ನಿಗೆ ಹೋಗಿ ನ್ಯಾಯ ಕೇಳಿದ. 1859ರಲ್ಲಿ ಅಲ್ಲೇ ಮಣ್ಣಾದ. ಅವನಿಗೆ ನಡುವೆ ನಿಲ್ಲಲು ರಷ್ಯವೂ ಇರಲಿಲ್ಲ, ಪ್ರಷ್ಯವೂ ಇರಲಿಲ್ಲ.

ತುಂಗಾತೀರ

ಮರಳಿದ್ದು ಪೂರ್ತಿ ರಾಜ್ಯವಲ್ಲ, ಗಮನಿಸಿ. ಆ ಒಪ್ಪಂದದ ಪ್ರಕಾರ ಹಿಂದೆ ಚಕ್ರವರ್ತಿಯೂ ಸಾಮ್ರಾಜ್ಯವೂ ಇದ್ದ ಸ್ಥಾನದಲ್ಲಿ ಓಲ್ಡನ್‌ಬುರ್ಗ್ ಕುಳಿತಿತು. ಒಕ್ಕೂಟದ ಸಭೆಯಲ್ಲಿ ಕ್ನಿಪ್‌ಹೌಸನ್‌ಗೆ ಮತವಿಲ್ಲ. ಜರ್ಮನ್ ಕಾನೂನು ಪಂಡಿತರು ‘ಅರ್ಧ ಸಾರ್ವಭೌಮ’ ರಾಜ್ಯಕ್ಕೆ ಉದಾಹರಣೆ ಹುಡುಕಿದಾಗಲೆಲ್ಲ ಇದರ ಹೆಸರು ಹೇಳುತ್ತಿದ್ದರು. ಇಡೀ ರಾಜ್ಯ ಪಠ್ಯಪುಸ್ತಕದ ಅಡಿಟಿಪ್ಪಣಿಗಾಗಿಯೇ ಬದುಕಿತ್ತೇನೋ ಅನ್ನಿಸುತ್ತದೆ.

ಬಯಲುಸೀಮೆಯವ

ಈಗ ಕೊನೆಯ ಖಟ್ಲೆ. ಕರಿಕೋಟು ಅವರೇ, ಇದು ನಿಮಗಾಗಿ. ವಿಲ್‌ಹೆಲ್ಮ್ ಗುಸ್ತಾವ್‌ನ ಮೊದಲ ಹೆಂಡತಿ 1799ರಲ್ಲಿ ತೀರಿಕೊಂಡಳು. ಆಮೇಲೆ ಅವನು ಬಾಳಿದ್ದು ಸಾರಾ ಮಾರ್ಗರೆಟಾ ಗೆರ್ಡೆಸ್ ಎಂಬ ರೈತನ ಮಗಳೊಂದಿಗೆ. 1801ರಿಂದ 1812ರ ನಡುವೆ ಮೂವರು ಗಂಡುಮಕ್ಕಳು. ಚರ್ಚಿನಲ್ಲಿ ಮದುವೆಯಾದದ್ದು 1816ರಲ್ಲಿ. 1835ರಲ್ಲಿ ಅವನು ಸತ್ತಾಗ ಎರಡನೆಯ ಮಗ ಗುಸ್ತಾವ್ ಅಡಾಲ್ಫ್ ಒಡೆಯನಾಗಿ ಕುಳಿತ. ಸತ್ತವನ ತಮ್ಮ ಇಂಗ್ಲಿಷ್ ಸೈನ್ಯದಲ್ಲಿ ಜನರಲ್ ಆಗಿದ್ದವನು. ಅವನ ಮೂವರು ಮಕ್ಕಳು ‘ರೈತ ಹೆಂಗಸಿಗೆ ಮದುವೆಗೆ ಮುಂಚೆ ಹುಟ್ಟಿದವರಿಗೆ ಈ ಆಸ್ತಿ ಸಲ್ಲದು, ನಮಗೆ ಬರಬೇಕು’ ಎಂದು ನಿಂತರು. 1836ರಲ್ಲಿ ಆಯುಧ ಹಿಡಿದು ಕೋಟೆಗೇ ನುಗ್ಗಿದರು. ಆ ಸಾಹಸ ಫಲಿಸಲಿಲ್ಲ. ಆಮೇಲೆ ನ್ಯಾಯಾಲಯ.

ಕರಿಕೋಟು

ಈ ವ್ಯಾಜ್ಯವನ್ನು ನಾನು ಬಲ್ಲೆ. ಅದರ ಸೊಗಸು ಇಲ್ಲಿದೆ. ಪ್ರಶ್ನೆ ಎರಡು. ಒಂದು, ಹುಟ್ಟಿದ ಮೇಲೆ ತಂದೆತಾಯಿ ಮದುವೆಯಾದರೆ ಮಗ ಔರಸನಾಗುತ್ತಾನಲ್ಲ, ಅಂಥವನಿಗೆ ವಂಶಬದ್ಧ ಆಸ್ತಿ ಸಿಗುತ್ತದೆಯೇ? ಎರಡು, ಬೆಂಟಿಂಕರು ಉಚ್ಚ ಕುಲೀನರೇ? ಹೌದಾದರೆ ಸಮಾನ ಕುಲದ ಹೆಣ್ಣಿನಲ್ಲಿ ಹುಟ್ಟಿದವನೇ ವಾರಸುದಾರನಾಗಬೇಕು. ಅಲ್ಲವಾದರೆ ರೈತನ ಮಗಳ ಮಗನಿಗೂ ಅಡ್ಡಿಯಿಲ್ಲ. ಅಂದರೆ ಮಾತು ತಿರುಗುಮುರುಗಾಯಿತು. ಗುಸ್ತಾವ್ ಅಡಾಲ್ಫ್ ಗೆಲ್ಲಬೇಕಾದರೆ ತನ್ನ ಮನೆತನ ಅಂಥ ದೊಡ್ಡದೇನಲ್ಲ ಎಂದು ವಾದಿಸಬೇಕು! ಈ ಆಸ್ತಿಯ ಮೂಲಪುರುಷ ಆಂಟನ್ನನೇ ಅನೌರಸನಾಗಿದ್ದವನು ಎಂಬುದು ಎದುರಾಳಿಗಳ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಜರ್ಮನಿಯ ಕಾನೂನು ಪ್ರಾಧ್ಯಾಪಕರು ಎರಡೂ ಕಡೆ ಅಭಿಪ್ರಾಯ ಬರೆದು ರಾಶಿ ಹಾಕಿದರು. 1842ರಲ್ಲಿ ಯೇನಾ ವಿಶ್ವವಿದ್ಯಾಲಯದ ಕಾನೂನು ವಿಭಾಗ ಗುಸ್ತಾವ್ ಅಡಾಲ್ಫ್ ಪರ ತೀರ್ಪು ಬರೆಯಿತು. ಎದುರಾಳಿಗಳು ಮೇಲ್ಮನವಿಗೆ ಹೋದರು. 1845ರಲ್ಲಿ ಒಕ್ಕೂಟದ ಸಭೆ ಬೆಂಟಿಂಕರು ಉಚ್ಚ ಕುಲೀನರೇ ಹೌದು ಎಂದು ಠರಾವು ಮಾಡಿತು. ಅಲ್ಲಿಗೆ ಗೆದ್ದವನ ಕಾಲ ಕೆಳಗಿನ ನೆಲ ಕುಸಿಯಿತು.

ಸುಮ್ಮನೆ ಓದುವವಳು

ಸಾರಾಳನ್ನು ಯಾರಾದರೂ ಏನಾದರೂ ಕೇಳಿದರೇ? ಇಷ್ಟು ಜನ ಪ್ರಾಧ್ಯಾಪಕರು ಬರೆದದ್ದು ಅವಳ ಹಾಸಿಗೆಯ ತಾರೀಖುಗಳ ಬಗ್ಗೆ.

ಕರಿಕೋಟು

ಮೇಡಂ, ವಕೀಲನಾಗಿ ನನ್ನ ಬಳಿ ಉತ್ತರವಿಲ್ಲ.

ಬಯಲುಸೀಮೆಯವ

ತೀರ್ಪಿನಿಂದ ಮುಗಿಯದ ಜಗಳ ದುಡ್ಡಿನಿಂದ ಮುಗಿಯಿತು. ಪ್ರಷ್ಯಕ್ಕೆ ಉತ್ತರ ಸಮುದ್ರದಲ್ಲಿ ನೌಕಾನೆಲೆ ಬೇಕಿತ್ತು. 1853ರಲ್ಲಿ ಓಲ್ಡನ್‌ಬುರ್ಗ್‌ನಿಂದ ಯಾಡೆ ಕೊಲ್ಲಿಯ ದಡದಲ್ಲಿ ಐದು ಲಕ್ಷ ಟಾಲರ್ ಕೊಟ್ಟು ನೆಲ ಕೊಂಡಿತು. ಅದೇ ಮಾತುಕತೆಯಲ್ಲಿ ಬೆಂಟಿಂಕ್ ರಗಳೆಯನ್ನು ಮುಗಿಸಿಕೊಡುವ ಹೊಣೆಯನ್ನೂ ಪ್ರಷ್ಯ ಹೊತ್ತಿತು. 1854ರಲ್ಲಿ ಓಲ್ಡನ್‌ಬುರ್ಗ್ ಎರಡೂ ಪಕ್ಷಗಳಿಗೆ ಹಣ ಕೊಟ್ಟು ಕ್ನಿಪ್‌ಹೌಸನ್, ಫಾರೆಲ್ ಎರಡನ್ನೂ ಕೊಂಡುಕೊಂಡಿತು. ಆ ವರ್ಷದ ಆಗಸ್ಟ್ 1ಕ್ಕೆ ರಾಜ್ಯ ಇಲ್ಲವಾಯಿತು. ಪ್ರಷ್ಯ ಕೊಂಡ ನೆಲದಲ್ಲಿ ಎದ್ದ ಊರಿಗೆ 1869ರಲ್ಲಿ ದೊರೆ ವಿಲ್‌ಹೆಲ್ಮ್‌ನ ಹೆಸರಿಟ್ಟರು. ಅದೇ ವಿಲ್‌ಹೆಲ್ಮ್ಸ್‌ಹಾಫನ್. ಅದು ಬೆಳೆದು ಬೆಳೆದು 1972ರಲ್ಲಿ ಫೆಡರ್‌ವಾರ್ಡನ್, ಸೆಂಗ್‌ವಾರ್ಡನ್‌ಗಳನ್ನು ಒಳಗೆ ಸೇರಿಸಿಕೊಂಡಿತು.

ತುಂಗಾತೀರ

ಬಾಲಂಗೋಚಿಯನ್ನು ನಾನು ಸೇರಿಸುತ್ತೇನೆ. 1918ರ ಅಕ್ಟೋಬರ್ ಕೊನೆಯಲ್ಲಿ ಅದೇ ವಿಲ್‌ಹೆಲ್ಮ್ಸ್‌ಹಾಫನ್ ಎದುರಿನ ಸಮುದ್ರದಲ್ಲಿ ನಾವಿಕರು ದಂಗೆ ಎದ್ದರು. ಎರಡು ವಾರದಲ್ಲಿ ಕೈಸರ್ ಎರಡನೆಯ ವಿಲ್‌ಹೆಲ್ಮ್ ಹಾಲೆಂಡಿಗೆ ಓಡಿದ. ಅವನಿಗೆ ಆಶ್ರಯ ಕೊಟ್ಟವನು ಆಮೆರೊಂಗೆನ್ ಅರಮನೆಯ ಕೌಂಟ್ ಗೊಡಾರ್ಡ್ ಬೆಂಟಿಂಕ್. ನವೆಂಬರ್ 28ರಂದು ಸಿಂಹಾಸನ ತ್ಯಾಗದ ಪತ್ರಕ್ಕೆ ಕೈಸರ್ ಸಹಿ ಹಾಕಿದ್ದು ಆ ಮನೆಯಲ್ಲೇ. ಈ ಗೊಡಾರ್ಡ್ ಯಾರೆಂದರೆ, ಕ್ನಿಪ್‌ಹೌಸನ್ನಿಗಾಗಿ ದಾವೆ ಹೂಡಿದ ಮೂವರು ಸಹೋದರರಲ್ಲಿ ಒಬ್ಬನ ಮಗ.

ಕೊಡಗಿನ ಕಾಫಿ

ಇದು ನನಗೆ ಹೊಸದು ಮೇಷ್ಟ್ರೇ. ರಾತ್ರಿ ಹನ್ನೊಂದಾಯಿತು, ಇನ್ನು ನಿದ್ದೆ ಬಂದ ಹಾಗೆಯೇ.

ಗದ್ದೆಬದು

ನನ್ನ ಒಂದು ಪ್ರಶ್ನೆ ಉಳಿಯಿತು. ಈಗ ಆ ಏರಿಯನ್ನು ನೋಡಿಕೊಳ್ಳುವವರು ಯಾರು? ಸರಕಾರವೇ?

ಬಯಲುಸೀಮೆಯವ

ಸರಕಾರ ದುಡ್ಡು ಹಾಕುತ್ತದೆ, ಆದರೆ ಏರಿ ಸಂಘಗಳು ಇಂದಿಗೂ ಇವೆ. ಏರಿಯ ಹಿಂದೆ ಜಮೀನೋ ಮನೆಯೋ ಇರುವವರೆಲ್ಲರೂ ಕಡ್ಡಾಯ ಸದಸ್ಯರು, ವರ್ಷವರ್ಷ ವಂತಿಗೆ ಕಟ್ಟಬೇಕು. ವಸಂತದಲ್ಲಿ, ಚಳಿಗಾಲಕ್ಕೆ ಮುಂಚೆ ಸಂಘದವರು ಏರಿಯ ಉದ್ದಕ್ಕೂ ನಡೆದು ಹುಲ್ಲಿನ ಹೊದಿಕೆ ಕಿತ್ತಿದೆಯೇ, ಹೆಗ್ಗಣ ತೋಡಿದೆಯೇ ಎಂದು ನೋಡುತ್ತಾರೆ. ಹುಲ್ಲು ಮೇಯಲು ಕುರಿ ಬಿಡುತ್ತಾರೆ, ಅವುಗಳ ಗೊರಸಿನಿಂದ ಮಣ್ಣು ಗಟ್ಟಿಯಾಗುತ್ತದೆ. ನಾನಿರುವ ಬಾಡಿಗೆ ಮನೆಯ ಮಾಲೀಕರನ್ನು ನಿನ್ನೆ ಕೇಳಿದೆ. ‘ಹೌದು, ಈ ವರ್ಷದ್ದು ಕಟ್ಟಿಯಾಯಿತು’ ಎಂದು ಒಳಗೆ ಹೋಗಿ ರಸೀದಿ ತಂದು ತೋರಿಸಿದರು.

ಗದ್ದೆಬದು

ಎಷ್ಟು ಕಟ್ಟಿದ್ದರು?

ಬಯಲುಸೀಮೆಯವ

ಮೊತ್ತದ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ತೋರಿಸಿದರು.